ಮೂರನೇ ಪಾತಿಯ ಇರುವೆಗಳು

ಗಾರೆ ಮೇಸ್ತ್ರಿ ಹಿತ್ತಲನ್ನು ಟೇಪು ಹಿಡಿದು ಅಳೆದ, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಅಂಗೈ ಮೇಲೆ ಏನೋ ಗೀಚಿಕೊಂಡ, "ಈ ಸೋಮವಾರ ಆಗಲ್ಲ, ಮುಂದಿನ ಸೋಮವಾರ ಬರ್ತೀನಿ, ಒಂದೇ ದಿನದ ಕೆಲಸ" ಎಂದು ಹೇಳಿ ಹೋದ. ಅವತ್ತು ಬುಧವಾರ. ಜಿಪ್ಪಕ್ಕ ಬೆರಳು ಮಡಚಿ ಎಣಿಸಿದಳು. ಹನ್ನೆರಡು ದಿನ. ಅಷ್ಟರೊಳಗೆ ಮೂರನೇ ಪಾತಿಯ ಇರುವೆಗಳು ಜಾಗ ಖಾಲಿ ಮಾಡಬೇಕು. ಇಲ್ಲದಿದ್ದರೆ ಮೂರು ಪಾತಿಗಳೂ ಸಿಮೆಂಟಿನ ಅಡಿಗೆ ಹೋಗುತ್ತವೆ, ಅವುಗಳ ಜೊತೆ ಮಾವನವರ ಅಳಿದುಳಿದ ಮಾತೂ ಹೋಗುತ್ತದೆ.

ಜಿಪ್ಪಕ್ಕ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಹದಿನೇಳು ವರ್ಷದಿಂದ ಅವಳು ಊರವರ ಕೆಟ್ಟ ಜಿಪ್ಪುಗಳನ್ನು ಬಿಚ್ಚಿ ಹೊಸದು ಹಾಕುತ್ತ ಬಂದಿದ್ದಾಳೆ. ಪ್ಯಾಂಟಿನ ಕಾಲು ಮೊಟಕು ಮಾಡುತ್ತಾಳೆ, ಮದುವೆಯಾದ ಮೇಲೆ ಮೈ ಬಂದವರ ಸೊಂಟ ಸಡಿಲಿಸುತ್ತಾಳೆ, ಯಾರ ಸೊಂಟ ಎಷ್ಟು ಬಿಟ್ಟೆ ಎಂದು ಯಾರಿಗೂ ಬಾಯಿ ಬಿಡುವುದಿಲ್ಲ. ಆ ಒಂದು ಗುಣಕ್ಕೇ ಅವಳಿಗೆ ಗಿರಾಕಿ ಜಾಸ್ತಿ.

ಆ ಯಂತ್ರ ಮನೆಗೆ ಬಂದದ್ದು ಮಾವನವರ ಬಸ್ಸಿನಲ್ಲಿ. ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದವರು ಅವರು. ಮದುವೆಯಾದ ಹೊಸತು, ಹೊಸ ಮನೆ ಒಗ್ಗದೆ ಸೊಸೆ ಹಿತ್ತಲಲ್ಲಿ ನಿಂತು ಮೂಗು ಒರೆಸಿಕೊಳ್ಳುವುದನ್ನು ಎರಡು ಸಲ ನೋಡಿದರು. ಏನಾಯಿತು ಎಂದು ಕೇಳಲಿಲ್ಲ. ಮೂರನೇ ವಾರ ಅವಳ ತವರಿನ ಹೊಲಿಗೆ ಯಂತ್ರವನ್ನು ಬಸ್ಸಿಗೇರಿಸಿ, ತಮ್ಮ ಸೀಟಿನ ಮೇಲೆ ಅದನ್ನು ಕೂರಿಸಿ, ತಾವು ನಲವತ್ತು ಮೈಲಿ ನಿಂತುಕೊಂಡೇ ಬಂದರು. "ನಿನ್ನ ಯಂತ್ರ ತುಂಬ ಮರ್ಯಾದಸ್ತ ಪ್ರಯಾಣಿಕನಮ್ಮ, ದಾರಿಯಲ್ಲಿ ಒಂದು ಸಲಾನೂ ವಾಂತಿ ಮಾಡ್ಕೊಳ್ಳಲಿಲ್ಲ" ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು. ಜಿಪ್ಪಕ್ಕ ಅದನ್ನು ಮರೆತಿಲ್ಲ. ಮರೆಯುವವಳೂ ಅಲ್ಲ.

ಮರೆಯುತ್ತಿರುವವರು ಮಾವ. ಎರಡು ವರ್ಷದಿಂದ ಅವರ ನೆನಪಿನ ಹೊಲಿಗೆ ಅಲ್ಲಲ್ಲಿ ಬಿಚ್ಚಿಕೊಂಡಿದೆ. ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ, ಮಗನನ್ನು ಒಮ್ಮೊಮ್ಮೆ ಡ್ರೈವರ್ ಎಂದುಕೊಳ್ಳುತ್ತಾರೆ. ಆದರೆ ಹಿತ್ತಲಿಗೆ ಕಾಲಿಟ್ಟರೆ ಮನುಷ್ಯ ಬೇರೆ. ಯಾವ ಬೀನ್ಸ್ ಬಲಿತಿದೆ, ಯಾವ ಟೊಮ್ಯಾಟೊ ಗಿಡಕ್ಕೆ ಕೋಲು ಕೊಡಬೇಕು, ಮೂಲಂಗಿ ಇನ್ನೆಷ್ಟು ದಿನ ನೆಲದಲ್ಲಿರಬೇಕು, ಎಲ್ಲ ಬೆರಳ ತುದಿಯಲ್ಲಿ. ಗುಜರಿಗೆ ಹೋದ ಬಸ್ಸಿನ ಇಬ್ಬರು ಕೂರುವ ಸೀಟೊಂದನ್ನು ತಂದು ಮೂರನೇ ಪಾತಿಯ ಪಕ್ಕ ಹಾಕಿಕೊಂಡಿದ್ದರು. ಬೆಳಗಿನಿಂದ ಸಂಜೆಯವರೆಗೆ ಅದೇ ಅವರ ಜಾಗ. ಕಿಟಕಿ ಪಕ್ಕದ ಕಡೆಗೇ ಕೂರುತ್ತಿದ್ದರು. ಕಿಟಕಿ ಎಲ್ಲಿದೆ ಎಂದು ಕೇಳಬೇಡಿ, ಅವರಿಗೆ ಗೊತ್ತಿತ್ತು.

ಆ ಮೂರನೇ ಪಾತಿಗೇ ಕೆಂಪಿರುವೆ ಹತ್ತಿತು. ಮೊದಲೆರಡು ಪಾತಿಗಳಲ್ಲಿ ಒಂದೂ ಇಲ್ಲ. ಇಲ್ಲಿ ಮಾತ್ರ ಬೀನ್ಸ್ ಬುಡದಲ್ಲಿ ಮಣ್ಣು ಪುಡಿಪುಡಿಯಾಗಿ ಎದ್ದು, ಕೈಯಿಟ್ಟಲ್ಲೆಲ್ಲ ಇರುವೆ. ಮಾವನವರ ಪಾದಕ್ಕೆ ಕಚ್ಚಿದವು. ವಯಸ್ಸಾದ ಚರ್ಮ, ಕೆರೆದುಕೊಂಡರು, ಹುಣ್ಣಾಯಿತು, ಪಾದ ಬಾತುಕೊಂಡಿತು. ಡಾಕ್ಟರು ಪಟ್ಟಿ ಕಟ್ಟಿ, "ಇನ್ನೊಂದು ಸಲ ಹೀಗಾದ್ರೆ ಕಷ್ಟ" ಎಂದರು.

ಅಷ್ಟು ಸಾಕಾಯಿತು ಜಿಪ್ಪಕ್ಕನ ಗಂಡನಿಗೆ. ಅವನು ಲಿಫ್ಟ್ ಮೆಕ್ಯಾನಿಕ್. ಯಾವುದು ಬೀಳಬಹುದೋ ಅದು ಬೀಳುವ ಮೊದಲೇ ಓಡಾಟ ನಿಲ್ಲಿಸಿ ಬೀಗ ಹಾಕುವುದು ಅವನ ಕಸುಬು. ಮನೆಯಲ್ಲೂ ಅದೇ ಬುದ್ಧಿ. ಮೂರು ತಿಂಗಳ ಹಿಂದೆ ಅಪ್ಪ ಹಿತ್ತಲ ನಲ್ಲಿಯ ಹತ್ತಿರ ಜಾರಿಬಿದ್ದು ಮುಂಗೈ ಮುರಿದುಕೊಂಡಾಗ, ಅವತ್ತೇ ನಲ್ಲಿಯ ಹಿಡಿ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದ, ನೀರಿನ ಕ್ಯಾನನ್ನು ಅಟ್ಟಕ್ಕೆ ಏರಿಸಿದ್ದ. ಈಗ ಹಿತ್ತಲ ಬಾಗಿಲಿಗೇ ಚಿಲಕ ಹಾಕಿದ. ಕೆಟ್ಟವನಲ್ಲ ಪಾಪ. ಅಪ್ಪನ ಮುರಿದ ಕೈ ಹಿಡಿದುಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಅವನ ಜೀವ ಬಾಯಿಗೆ ಬಂದಿತ್ತು, ಅದು ಇನ್ನೂ ಕೆಳಗಿಳಿದಿರಲಿಲ್ಲ.

ಬಾಗಿಲು ಮುಚ್ಚಿದ ಮೊದಲ ದಿನ ಮಾವ ಅದರ ಮುಂದೆ ನಿಂತು, ಮೇಲಿನ ಚೌಕಟ್ಟನ್ನು ಒಂದು ಕೈಲಿ ಹಿಡಿದುಕೊಂಡು, "ಸ್ಟಾಪ್ ಬಂತಾ?" ಎಂದು ಕೇಳಿದರು. "ಇನ್ನೂ ಇಲ್ಲ ಮಾವ" ಎಂದಳು ಜಿಪ್ಪಕ್ಕ. ದಿನವಿಡೀ ಕೇಳಿದರು. ಎರಡನೇ ದಿನವೂ ಕೇಳಿದರು. ಮೂರನೇ ದಿನ ಎರಡೇ ಸಲ. ನಾಲ್ಕನೇ ದಿನ ಹಾಸಿಗೆಯಿಂದ ಎದ್ದು ಬಂದು ಕುರ್ಚಿಯಲ್ಲಿ ಕೂತವರು ಸಂಜೆಯವರೆಗೂ ಏನನ್ನೂ ಕೇಳಲಿಲ್ಲ. ಕೈಗೆ ಕೊಟ್ಟ ತಟ್ಟೆಯನ್ನು ಹಾಗೇ ಹಿಡಿದುಕೊಂಡಿದ್ದರು. ಕೇಳುತ್ತಿದ್ದಾಗ ಆದ ಕಿರಿಕಿರಿಗಿಂತ ಈ ಸುಮ್ಮನಿರುವಿಕೆ ಜಿಪ್ಪಕ್ಕನನ್ನು ಹೆಚ್ಚು ಹೆದರಿಸಿತು.

ಅವತ್ತು ಸಂಜೆ ಗಂಡ ಹೆಂಡತಿಗೆ ಮಾತಿಗೆ ಮಾತು ಬೆಳೆಯಿತು.

"ರೀ, ಬಾಗಿಲು ತೆಗೀರಿ. ಮಾವ ಇಲ್ಲೇ ಕೂತು ಕಲ್ಲಾಗ್ತಿದಾರೆ."

"ಮತ್ತೆ ಇರುವೆ? ಪುಡಿ ತಂದು ಸುರೀಲಾ?"

ಅದು ಆಗದ ಮಾತು ಎಂದು ಅವನಿಗೂ ಗೊತ್ತಿತ್ತು. ಮಾವ ಪಾತಿಯಲ್ಲಿ ಕೈಗೆ ಸಿಕ್ಕ ಎಲೆಯನ್ನೆಲ್ಲ ಬಾಯಿಗೆ ಹಾಕಿ ಜಗಿಯುತ್ತಾರೆ. ಬೀನ್ಸ್ ಎಳೆಯದೋ ಬಲಿತದ್ದೋ ಎಂದು ಹಲ್ಲಿನಿಂದಲೇ ನೋಡುವುದು. ವಿಷದ ಪುಡಿ ಹಾಕಿದರೆ ಮೊದಲು ಹೋಗುವುದು ಇರುವೆಯಲ್ಲ.

"ಅದಕ್ಕೇ ಹೇಳಿದ್ದು ಸಿಮೆಂಟು ಅಂತ. ಒಂದೇ ಸಲಕ್ಕೆ ಮುಗಿದು ಹೋಗತ್ತೆ" ಎಂದ.

"ಏನು ಮುಗಿದು ಹೋಗತ್ತೆ?" ಎಂದಳು ಜಿಪ್ಪಕ್ಕ.

ಕೊನೆಗೆ ಗಂಡ ಇಷ್ಟಕ್ಕೆ ಒಪ್ಪಿದ: ಮೇಸ್ತ್ರಿ ಬರುವವರೆಗೆ ಬಾಗಿಲು ತೆಗೆದಿರಲಿ, ತಾನು ಕೆಲಸಕ್ಕೆ ಹಾಕುವ ಗಂಬೂಟನ್ನು ಅಪ್ಪ ಹಾಕಿಕೊಂಡು ಕೂರಲಿ. ಅಷ್ಟರಲ್ಲಿ ವಿಷ ಹಾಕದೆ ಇರುವೆ ಹೋದರೆ ಪಾತಿ ಉಳಿಯುತ್ತದೆ. ಹೋಗದಿದ್ದರೆ ಅವಳು ಬಾಯಿ ಮುಚ್ಚಿಕೊಂಡಿರಬೇಕು.

ಮರುದಿನ ಬೆಳಿಗ್ಗೆ ಮಾವ ಮೊಣಕಾಲಿನವರೆಗೆ ಕಪ್ಪು ಗಂಬೂಟು ಏರಿಸಿ ಬಸ್ಸಿನ ಸೀಟಿನ ಮೇಲೆ ಕೂತರು. "ಇವತ್ತು ದಾರೀಲಿ ನೀರು ನಿಂತಿದೆಯಾ?" ಎಂದು ವಿಚಾರಿಸಿದರು. ಮಾತು ವಾಪಸು ಬಂತಲ್ಲ ಎಂದು ಜಿಪ್ಪಕ್ಕನಿಗೆ ಅಳು ಬಂತು, ನಗುವೂ ಬಂತು.

ಮೇಸ್ತ್ರಿ ಬಂದು ಅಳತೆ ತೆಗೆದುಕೊಂಡು ಹೋದದ್ದು ಆಮೇಲೆ, ಬುಧವಾರ. ಅವತ್ತಿನಿಂದ ಅವಳ ಯುದ್ಧ ಶುರು. ಮೊದಲ ಆಯುಧ ಅವಳ ಕಸುಬಿನದೇ. ಇರುವೆ ಸೀಮೆಸುಣ್ಣದ ಗೆರೆ ದಾಟುವುದಿಲ್ಲವೆಂದು ಗಿರಾಕಿಯೊಬ್ಬಳು ಹೇಳಿದ್ದೇ ತಡ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಂದು ಪಾತಿಯ ಸುತ್ತಣ ಇಟ್ಟಿಗೆ ಅಂಚಿನ ಮೇಲೆ ಗೆರೆ ಎಳೆದಳು. ಕೈ ಪಳಗಿದ್ದು, ಗೆರೆ ಎಲ್ಲೂ ಸೊಟ್ಟಗಾಗಲಿಲ್ಲ. ಇರುವೆಗಳು ಬಂದು ಗೆರೆಯ ಮುಂದೆ ನಿಂತವು, ಮೀಸೆ ಅಲ್ಲಾಡಿಸಿ ಮೂಸಿ ನೋಡಿದವು, ದಾಟಿಕೊಂಡು ಹೋದವು. ನೀಲಿ ಸೀಮೆಸುಣ್ಣದಲ್ಲಿ ಎಳೆದಳು. ಅದಕ್ಕೂ ಸೊಪ್ಪು ಹಾಕಲಿಲ್ಲ. ಮಾವ ಬಗ್ಗಿ ನೋಡಿ, "ಅಳತೆ ಸರಿಯಾಗಿದೆ, ಕತ್ತರಿಸು" ಎಂದರು.

ಜ್ಯೂಸ್ ಅಂಗಡಿಯಿಂದ ನಿಂಬೆ ಸಿಪ್ಪೆ ಚೀಲ ತುಂಬ ತಂದು ಹರಡಿದಳು. ಒಂದು ದಿನ ಇರುವೆ ಕಡಿಮೆಯಾದಂತೆ ಕಂಡಿತು. ಮರುದಿನ ಸಿಪ್ಪೆ ಒಣಗಿ ಮುದುಡಿಕೊಂಡಿತು, ಇರುವೆಗಳು ಅದರ ನೆರಳಲ್ಲಿ ಓಡಾಡತೊಡಗಿದವು. ಕ್ಯಾಂಟೀನಿನವನನ್ನು ಕಾಡಿಬೇಡಿ ಕಾಫಿ ಗಷ್ಟು ತಂದು ಹಾಕಿದಳು. ಹಿತ್ತಲೆಲ್ಲ ಕಾಫಿ ವಾಸನೆ, ಇರುವೆ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ.

ಭಾನುವಾರ ಅವಳ ತಾಳ್ಮೆ ಕೆಟ್ಟಿತು. ಎರಡು ಪಾತ್ರೆ ಕುದಿಯುವ ನೀರು ತಂದು ಗೂಡಿನ ಬಾಯಿಗೆ ಸುರಿದುಬಿಟ್ಟಳು. ಬಿಸಿನೀರು ಗೂಡಿಗೆ ಎಷ್ಟು ಹೋಯಿತೋ, ಪಕ್ಕದ ನಾಲ್ಕು ಬೀನ್ಸ್ ಗಿಡಗಳು ಮಧ್ಯಾಹ್ನಕ್ಕೆಲ್ಲ ತಲೆ ಬಾಗಿಸಿದವು. ಇರುವೆಗಳು ಒಂದು ಗೇಣು ಆಚೆ ಹೊಸ ಬಾಗಿಲು ತೆರೆದವು. ಸತ್ತ ಇರುವೆಗಳು ನೀರಿನ ಅಂಚಿನಲ್ಲಿ ಕೆಂಪಗೆ ಸಾಲಾಗಿ ಬಿದ್ದಿದ್ದವು, ನಡುವೆ ಅಕ್ಕಿ ನುಚ್ಚಿನಂತೆ ಅವುಗಳ ಮೊಟ್ಟೆ. ಅದನ್ನು ನೋಡಿ ಅವಳಿಗೆ ಗೆದ್ದ ಖುಷಿಯೇನೂ ಆಗಲಿಲ್ಲ. ಮಾವ ಬಾಡಿದ ಎಲೆಯೊಂದನ್ನು ಬೆರಳಲ್ಲಿ ಎತ್ತಿ, ಮೆಲ್ಲಗೆ ಕೇಳಿದರು: "ಯಾರಮ್ಮ ಇದಕ್ಕೆ ಜ್ವರ ಬರ್ಸಿದ್ದು?"

ಅವಳು ಖಾಲಿ ಪಾತ್ರೆ ಹಿಡಿದುಕೊಂಡು ಒಳಗೆ ಹೋದಳು. ಅವರ ಮುಖ ನೋಡಲಾಗಲಿಲ್ಲ.

ಸೋಮವಾರ ನರ್ಸರಿಯಾಕೆ ರೇನ್‌ಕೋಟಿನ ಜಿಪ್ ಹಾಕಿಸಲು ಬಂದಳು. ಬೀದಿಯ ಕೊನೆಯಲ್ಲಿ ಸಸಿ, ಗೊಬ್ಬರ, ಮಣ್ಣಿನ ಕುಂಡ ಮಾರುವ ಹೆಂಗಸು. ಉಗುರಿನ ಸಂದಿಯಲ್ಲಿ ಸದಾ ಮಣ್ಣು, ಬಾಯಲ್ಲಿ ಸದಾ ಮಾತು. ಜಿಪ್ಪಕ್ಕ ಇರುವೆಯ ಕಥೆ ಹೇಳಿಕೊಂಡಳು, ಬಿಸಿನೀರಿನ ಪಾಪವನ್ನೂ ಹೇಳಿಕೊಂಡಳು.

"ಅಯ್ಯೋ, ಅವೂ ಮಕ್ಕಳುಮರಿ ಕಟ್ಕೊಂಡು ಸಂಸಾರ ಮಾಡ್ತಿರ್ತವೆ ಕಣಕ್ಕ" ಎಂದಳು ನರ್ಸರಿಯಾಕೆ. "ಬೈದ್ರೆ, ಓಡಿಸಿದ್ರೆ ಹೋಗಲ್ಲ. ಇದಕ್ಕಿಂತ ಒಳ್ಳೆ ಮನೆ ತೋರಿಸ್ಬೇಕು. ಒಂದು ಮಣ್ಣಿನ ಕುಂಡ ತಗೋ. ಅದರ ತುಂಬ ಒಣಹುಲ್ಲು, ಸ್ವಲ್ಪ ಮಣ್ಣು ತುರುಕು. ಗೂಡಿನ ಬಾಯಿ ಮೇಲೆ ಬೋರಲು ಹಾಕು. ಬಿಸಿಲಿಗೆ ಕುಂಡ ಬೆಚ್ಚಗಾಗತ್ತೆ. ಕೆಳಗೆ ಪಾತಿಗೆ ಚೆನ್ನಾಗಿ ನೀರು ಬಿಡು. ಕೆಳಗೆ ತೇವ, ಮೇಲೆ ಬೆಚ್ಚಗೆ. ಮೊಟ್ಟೆ ಎತ್ಕೊಂಡು ಎಲ್ಲಾ ಮೇಲಕ್ಕೆ ಹತ್ತುತ್ತವೆ. ಐದಾರು ದಿನ ಬಿಟ್ಟು ಅಡಿಗೆ ಸಲಿಕೆ ತೂರಿಸಿ, ಕುಂಡದ ಸಮೇತ ಎತ್ಕೊಂಡು ದೂರ ಬಿಟ್ಟು ಬಾ. ಒಂದು ಜೀವಾನೂ ಹೋಗಲ್ಲ."

"ಅಷ್ಟೇನಾ?"

"ಅಷ್ಟೇ. ಅಂದ ಹಾಗೆ, ಪಾತಿ ಒಣಗಿದೆಯಾ? ಇವು ಒಣಮಣ್ಣಿಗೇ ಬರೋದು. ಇಲ್ಲಾ ಏನಾದ್ರೂ ಸಿಹಿ ಬೀಳ್ತಿರ್ಬೇಕು."

"ದಿನಾ ನೀರು ಬಿಡ್ತೀನಿ" ಎಂದಳು ಜಿಪ್ಪಕ್ಕ, ಸ್ವಲ್ಪ ಮುಖ ಬಿಗಿದು. "ಹಿತ್ತಲಲ್ಲಿ ಸಿಹಿ ಎಲ್ಲಿಂದ ಬರತ್ತೆ?"

ನೀರು ಬಿಡುತ್ತಿದ್ದದ್ದು ಸುಳ್ಳಲ್ಲ. ಹಿತ್ತಲ ನಲ್ಲಿ ಬಂದಾದ ಮೇಲೆ ಅಡುಗೆಮನೆಯ ನಲ್ಲಿಗೆ ಪೈಪು ಸಿಕ್ಕಿಸಿ ಕಿಟಕಿಯಿಂದ ಹೊರಗೆ ಬಿಟ್ಟಿದ್ದಳು. ಪೈಪು ಎರಡನೇ ಪಾತಿಯ ಅರ್ಧಕ್ಕೆ ಮುಗಿಯುತ್ತಿತ್ತು. ಮೂರನೆಯದಕ್ಕೆ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ದೂರದಿಂದಲೇ ಚಿಮ್ಮಿಸುವುದು. ಎಲೆ ಒದ್ದೆಯಾಗುತ್ತಿತ್ತು. ಮಣ್ಣು ಒದ್ದೆಯಾಯಿತೋ ಇಲ್ಲವೋ ಎಂದು ಬಗ್ಗಿ ನೋಡುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ಮುಂದಿನ ಕೋಣೆಯಲ್ಲಿ ಯಾರಾದರೂ ಪ್ಯಾಂಟು ಹಿಡಿದುಕೊಂಡು ಕಾಯುತ್ತಿರುತ್ತಿದ್ದರು.

ಅವತ್ತೇ ಕುಂಡ ತಂದು ಬೋರಲು ಹಾಕಿದಳು. ದಿನಕ್ಕೆ ನಾಲ್ಕು ಸಲ ಓಡಿ ಓಡಿ ಬಂದು ಅಂಚು ಎತ್ತಿ ನೋಡಿದಳು. ಮಂಗಳವಾರ ಒಂದು ಇರುವೆಯೂ ಹತ್ತಿರಲಿಲ್ಲ. ಬುಧವಾರ ಮೂರು. ಅವೂ ಸುಮ್ಮನೆ ಮನೆ ನೋಡಲು ಬಂದ ಬಾಡಿಗೆಯವರ ಹಾಗೆ ಸುತ್ತುಹಾಕಿ ಇಳಿದು ಹೋದವು. ಗೂಡು ಇದ್ದಲ್ಲೇ ಇತ್ತು, ಇನ್ನೂ ದೊಡ್ಡದಾಗುತ್ತಿತ್ತು. ಮೇಸ್ತ್ರಿ ಬರಲು ಐದು ದಿನ. ಗಂಡ ಕೆಲಸದಿಂದ ಬರುವಾಗ ಎರಡು ಮೂಟೆ ಸಿಮೆಂಟು ತಂದು ಬಾಗಿಲ ಪಕ್ಕ ಇಳಿಸಿದ.

ಈ ದಿನಗಳಲ್ಲಿ ಅವಳಿಗಿದ್ದ ಒಂದೇ ಸಮಾಧಾನ ಮಾವನವರ ಟೀ. ಮೊದಲೆಲ್ಲ ಅರ್ಧ ಲೋಟ ಕುಡಿದು ಅರ್ಧ ಬಿಡುತ್ತಿದ್ದವರು, ಕೈ ಮುರಿದುಕೊಂಡು ವಾಸಿಯಾದ ಮೇಲೆ ಹಿತ್ತಲಿಗೆ ಕೊಟ್ಟ ಟೀಯನ್ನು ಒಂದು ಹನಿ ಉಳಿಸದೆ ಖಾಲಿ ಮಾಡುತ್ತಿದ್ದರು. ಮೈ ಇಳಿದಿದೆ ಎಂದು ಡಾಕ್ಟರು ಹೇಳಿದ್ದರಿಂದ, ಹೇಗೂ ಇಷ್ಟಪಟ್ಟು ಕುಡಿಯುತ್ತಾರಲ್ಲ ಎಂದು ಅವಳು ಒಂದು ಚಮಚ ಸಕ್ಕರೆ ಹೆಚ್ಚು ಹಾಕಿದಳು. ಆಮೇಲೆ ಇನ್ನೊಂದು. ದಿನಕ್ಕೆ ಮೂರು ಲೋಟ. "ನನ್ನ ಕೈಯ ಟೀ ಅಂದ್ರೆ ನಿಮ್ಮಪ್ಪನಿಗೆ ಪ್ರಾಣ" ಎಂದು ಗಂಡನ ಹತ್ತಿರ ಜಂಬವನ್ನೂ ಕೊಚ್ಚಿಕೊಂಡಿದ್ದಳು.

ಗುರುವಾರ ಅವಳು ಒಂದು ತೀರ್ಮಾನಕ್ಕೆ ಬಂದಳು. ಇರುವೆಗಳು ಏನು ಮಾಡುತ್ತಿವೆ, ಎಲ್ಲಿಂದ ಬರುತ್ತಿವೆ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುವುದು. ಹೊಲಿಗೆ ಯಂತ್ರವನ್ನು ದರದರ ಎಳೆದು ಹಿಂದಿನ ಕೋಣೆಯ ಕಿಟಕಿಗೆ ತಂದಳು. ಹದಿನೇಳು ವರ್ಷದಲ್ಲಿ ಯಂತ್ರ ಮುಂದಿನ ಕೋಣೆ ಬಿಟ್ಟದ್ದು ಅದೇ ಮೊದಲು. ಮಾವನಿಗೆ ಹತ್ತು ಗಂಟೆಯ ಟೀ ಕೊಟ್ಟು, ಒಳಗೆ ಬಂದು, ಶಾಲೆ ಚೀಲವೊಂದರ ಜಿಪ್ ಬಿಚ್ಚತೊಡಗಿದಳು. ಕಿಟಕಿಯಿಂದ ಪಾತಿ ಪೂರ್ತಿ ಕಾಣುತ್ತಿತ್ತು, ಮಾವನವರ ಬೆನ್ನೂ ಕಾಣುತ್ತಿತ್ತು.

ಮಾವ ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು. ಆಮೇಲೆ ಲೋಟವನ್ನು ಬೆಳಕಿಗೆ ಹಿಡಿದು ಎಷ್ಟಿದೆ ಎಂದು ನೋಡಿದರು. ಅಡುಗೆಮನೆ ಬಾಗಿಲ ಕಡೆ ಕತ್ತು ತಿರುಗಿಸಿದರು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಮುಂದಕ್ಕೆ ಬಗ್ಗಿ, ಉಳಿದ ಟೀಯನ್ನು ಬೀನ್ಸ್ ಗಿಡಗಳ ಬುಡಕ್ಕೆ, ಒಂದೊಂದೇ ಗಿಡಕ್ಕೆ, ಯಾರಿಗೂ ಮೋಸವಾಗದ ಹಾಗೆ, ಸ್ವಲ್ಪ ಸ್ವಲ್ಪವೇ ಹೊಯ್ದರು. ಕೊನೆಯ ಗಿಡಕ್ಕೆ ಲೋಟ ಕೊಡವಿದರು.

ಜಿಪ್ಪಕ್ಕನ ಕೈಯಲ್ಲಿದ್ದ ಬ್ಲೇಡು ಚೀಲದ ಬಟ್ಟೆಯನ್ನೇ ಕತ್ತರಿಸಿಕೊಂಡು ಹೋಯಿತು. ಮೊದಲು ಬಂದದ್ದು ಸಿಟ್ಟು. ನಿಂಬೆ ಸಿಪ್ಪೆ, ಕಾಫಿ ಗಷ್ಟು, ಸೊಂಟ ಬಗ್ಗಿಸಿ ಎಳೆದ ಗೆರೆ, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂತು. ಸೀದಾ ಹಿತ್ತಲಿಗೆ ನಡೆದಳು.

"ಏನ್ ಮಾಡ್ತಿದೀರಾ ಮಾವ?"

ಮಾವ ಕದ್ದು ಸಿಕ್ಕಿಬಿದ್ದವರಂತೆ ಲೋಟವನ್ನು ತೊಡೆಯ ಸಂದಿಗೆ ಇಟ್ಟುಕೊಂಡರು. ಆಮೇಲೆ ಹೇಳಿದರು: "ಬಯ್ಯಬೇಡಮ್ಮ. ಇದಕ್ಕೆ ಯಾರೂ ನೀರು ಕೊಡ್ತಿಲ್ಲ. ನಾನು ಕೇಳಿದ್ರೆ ನನಗೂ ಕೊಡಲ್ಲ. ಅದಕ್ಕೇ, ನನಗೆ ಕೊಟ್ಟಿದ್ದರಲ್ಲಿ ಅರ್ಧ ಹಾಕ್ತಾ ಇದೀನಿ."

ಅವಳು ಬಗ್ಗಿ ಮಣ್ಣಿಗೆ ಬೆರಳು ಚುಚ್ಚಿದಳು. ಮೇಲೆ ಟೀ ಬಿದ್ದ ಅಂಟು. ಅದರ ಕೆಳಗೆ ಬೆರಳುದ್ದ ಹೋದರೂ ಪುಡಿಪುಡಿ, ಒಣಒಣ. ಇರುವೆಗೆ ಇನ್ನೇನು ಬೇಕು? ಒಣಗಿದ ಮನೆ, ಬಾಗಿಲಿಗೇ ದಿನಕ್ಕೆ ಮೂರು ಹೊತ್ತು ಸಿಹಿ. ಬಿಟ್ಟು ಹೋಗುವುದಕ್ಕೆ ಅವಕ್ಕೇನು ಹುಚ್ಚೇ. ಮೂರು ತಿಂಗಳಿಂದ ಈ ಮನುಷ್ಯ ನೀರು ಕೊಡಿ, ನೀರು ಕೊಡಿ ಎಂದು ಕೇಳಿದ್ದು ಅವಳಿಗೆ ಈಗ ನೆನಪಾಯಿತು. ಪ್ರತಿ ಸಲವೂ ಅವಳು, "ಹಾಕಾಯ್ತು ಮಾವ" ಎಂದು ಹೇಳಿ, ಅವರು ಮರೆತಿದ್ದಾರೆ ಎಂದುಕೊಂಡು ಒಳಗೆ ಹೋಗಿದ್ದಳು. ಅವರು ಮರೆತಿರಲಿಲ್ಲ. ಆ ಒಂದು ವಿಷಯವನ್ನು ಮಾತ್ರ ಅವರು ಒಂದು ದಿನವೂ ಮರೆತಿರಲಿಲ್ಲ. ತಾನು ಹೆಚ್ಚು ಹಾಕಿದ ಒಂದೊಂದು ಚಮಚ ಸಕ್ಕರೆಯೂ ಎಲ್ಲಿಗೆ ಹೋಯಿತೆಂದು ಗೊತ್ತಾಗಿ ಜಿಪ್ಪಕ್ಕನಿಗೆ ನಾಚಿಕೆಯಾಯಿತು. ಬಸ್ಸಿನ ಸೀಟಿನ ಇನ್ನೊಂದು ಬದಿಯಲ್ಲಿ, ಮಾವನ ಪಕ್ಕ ಕೂತು, ಸೆರಗಲ್ಲಿ ಕಣ್ಣೊರೆಸಿಕೊಂಡಳು. ಮಾವ ಸ್ವಲ್ಪ ಸರಿದು ಜಾಗ ಕೊಟ್ಟರು. "ಎಲ್ಲಿಗೆ ಹೋಗ್ಬೇಕಮ್ಮ?" ಎಂದು ಕೇಳಿದರು.

"ಇಲ್ಲಿಗೇ ಮಾವ" ಎಂದಳು.

ಸಂಜೆ ಗಂಡನಿಗೆ ಹೇಳಿದಾಗ ಅವನು ನಂಬಲಿಲ್ಲ. "ಅಪ್ಪನಿಗೆ ಅಷ್ಟೆಲ್ಲ ಯೋಚನೆ ಎಲ್ಲಿದೆ" ಎಂದ. ಅವಳು ವಾದಕ್ಕೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಟೀ ಲೋಟವನ್ನು ಅವನ ಕೈಗೇ ಕೊಟ್ಟು, "ನೀವೇ ಕೊಟ್ಟು ಬಂದು ಕಿಟಕೀಲಿ ನಿಂತ್ಕೊಳ್ಳಿ" ಎಂದಳು.

ಅವನು ಕಿಟಕಿಯಲ್ಲಿ ನಿಂತ. ಎರಡು ಗುಟುಕು. ಬೆಳಕಿಗೆ ಹಿಡಿದು ನೋಡುವುದು. ಕತ್ತು ತಿರುಗಿಸುವುದು. ಒಂದೊಂದೇ ಗಿಡಕ್ಕೆ ಸ್ವಲ್ಪ ಸ್ವಲ್ಪ. ಗಂಬೂಟು ಹಾಕಿಕೊಂಡ ಅಪ್ಪ, ವಾಸಿಯಾದರೂ ಇನ್ನೂ ಸೊಟ್ಟಗೇ ಇದ್ದ ಆ ಮುಂಗೈ.

"ನಲ್ಲಿ ಹಿಡಿ ಎಲ್ಲಿದೆ?" ಎಂದಳು ಜಿಪ್ಪಕ್ಕ.

"ಬಿದ್ದುಬಿಟ್ರೆ?" ಎಂದ ಗಂಡ. "ಇನ್ನೊಂದು ಸಲ ಬಿದ್ರೆ ನನ್ನ ಕೈಲಿ ನೋಡಕ್ಕಾಗಲ್ಲ."

"ಬೀಳದ ಹಾಗೆ ಏನಾದ್ರೂ ಮಾಡಿ. ಊರವರ ಲಿಫ್ಟಿಗೆಲ್ಲ ಮಾಡ್ತೀರಲ್ಲ. ಬೀಳತ್ತೆ ಅಂತ ಎಲ್ಲರನ್ನೂ ಕೆಳಗೇ ಕೂರಿಸ್ತೀರಾ?"

ಅವನು ಏಣಿ ತಂದ. ಅಟ್ಟ ಹತ್ತಿ ನೀರಿನ ಕ್ಯಾನ್ ಇಳಿಸಿದ, ಧೂಳು ತೊಳೆದ, ಅಪ್ಪನಿಗೆ ಎತ್ತಲಾಗುವಷ್ಟೇ, ಅರ್ಧಕ್ಕಿಂತ ಕಡಿಮೆ ತುಂಬಿ ತಂದು ಸೀಟಿನ ಮುಂದಿಟ್ಟ. ಮಾವ ಕ್ಯಾನಿನ ಹಿಡಿಯನ್ನು ಹಿಡಿದುಕೊಂಡು ಮಗನ ಮುಖವನ್ನು ಒಂದು ಗಳಿಗೆ ದಿಟ್ಟಿಸಿದರು. ಆ ಹೊತ್ತಿಗೆ ಅವರಿಗೆ ಅವನು ಮಗನೋ ಡ್ರೈವರೋ ಗೊತ್ತಿಲ್ಲ. "ಒಳ್ಳೇದಾಗ್ಲಿ ಕಣಪ್ಪ" ಎಂದರು. ಗಂಡ ಕೆಲಸಕ್ಕೆ ಹೊರಟಾಗ ಕಣ್ಣು ಕೆಂಪಗಿತ್ತು. ಧೂಳು ಬಿತ್ತು ಎಂದ. ಇದ್ದರೂ ಇರಬಹುದು, ಅಟ್ಟದ ಧೂಳು.

ಅವತ್ತಿನಿಂದ ಟೀಯನ್ನು ಮನೆಯೊಳಗೇ ಕೊಟ್ಟಳು. ಮಾವ ಹಿತ್ತಲಲ್ಲಿ ದಿನಕ್ಕೆ ಆರು ಸಲ, ಏಳು ಸಲ, ಜಿಪ್ಪಕ್ಕ ತುಂಬಿಕೊಟ್ಟಂತೆಲ್ಲ ಕ್ಯಾನು ಬಗ್ಗಿಸಿದರು. ಕುಂಡದ ಮೇಲೆ ಬೀಳದ ಹಾಗೆ ಸುತ್ತಲೂ ಹೊಯ್ಯಬೇಕು ಎಂದು ಒಂದು ಸಲ ಹೇಳಿದ್ದು. ಆಶ್ಚರ್ಯವೆಂದರೆ ಮತ್ತೆ ಹೇಳಬೇಕಾಗಲಿಲ್ಲ. ಅಂಟು ಮಣ್ಣು ತೊಳೆದು ಹೋಯಿತು, ಪಾತಿ ಕಪ್ಪಗೆ ತಣ್ಣಗಾಯಿತು. ಶನಿವಾರ ಮಧ್ಯಾಹ್ನ ಕುಂಡದ ಅಂಚು ಎತ್ತಿದರೆ ಹುಲ್ಲಿನ ನಡುವೆ ಕೆಂಪು ದಾರಿಯೊಂದು ಮೂಡಿತ್ತು. ಭಾನುವಾರ ನೋಡಿದರೆ ಆ ದಾರಿಯಲ್ಲಿ ಪ್ರತಿ ಇರುವೆಯ ಬಾಯಲ್ಲೂ ಒಂದೊಂದು ಬಿಳಿ ಮೊಟ್ಟೆ. ಜಿಪ್ಪಕ್ಕ ಉಸಿರು ಬಿಗಿಹಿಡಿದು ಅಂಚನ್ನು ಮೆಲ್ಲಗೆ ಇಳಿಸಿದಳು. ಮನೆ ಬದಲಾಯಿಸುವವರ ಕಷ್ಟ ಅವಳಿಗೆ ಗೊತ್ತು.

ಸೋಮವಾರ ಎಂಟು ಗಂಟೆಗೆ ಗಾರೆ ಮೇಸ್ತ್ರಿ ಕರಣೆ ಬಾಂಡಲಿ ಸಮೇತ ಹಾಜರಾದ. "ಗಿಡ ಕಿತ್ತಿಲ್ವಾ ಇನ್ನೂ?" ಎಂದ.

"ಒಂದು ನಿಮಿಷ ನಿಂತ್ಕೋ" ಎಂದ ಗಂಡ. ಅವತ್ತು ಅವನು ರಜೆ ಹಾಕಿದ್ದ. ಸಲಿಕೆಯನ್ನು ಕುಂಡದ ಅಡಿಗೆ ಒಂದೇ ಸಮ ತೂರಿಸಿದ. ಭಾರವಾದ್ದನ್ನು ಅಲ್ಲಾಡದಂತೆ ಎತ್ತುವುದು ಅವನಿಗೆ ಹೊಸತಲ್ಲ. ಜಿಪ್ಪಕ್ಕ ಆ ಕಡೆಯಿಂದ ಕಬ್ಬಿಣದ ತಟ್ಟೆ ಹಿಡಿದಳು. ಕುಂಡ ಮಣ್ಣಿನ ಸಮೇತ ತಟ್ಟೆಗೆ ಬಂತು. ಕೆಳಗೆ ಗೂಡಿದ್ದ ಕಡೆ ಖಾಲಿ ತೂತುಗಳು, ದಾರಿ ತಪ್ಪಿದ ಹತ್ತಿಪ್ಪತ್ತು ಇರುವೆಗಳು, ಅಷ್ಟೇ.

ಮಾವ ಎದ್ದು ನಿಂತರು. ಏನಾಗುತ್ತಿದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಅವರು ಕುಂಡವನ್ನು ನೋಡಿದರು, ಅದರ ಅಂಚಿನಲ್ಲಿ ಮೊಟ್ಟೆ ಹಿಡಿದು ಗಲಿಬಿಲಿಯಿಂದ ಓಡಾಡುತ್ತಿದ್ದ ನಾಲ್ಕೈದು ಇರುವೆಗಳನ್ನು ನೋಡಿದರು. ಮೂವತ್ತೊಂದು ವರ್ಷದ ಕಂಡಕ್ಟರ್ ಗಂಟಲು ಎಲ್ಲಿತ್ತೋ, ತಾನಾಗಿ ಬಂತು.

"ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಹೋಗಿ, ಒಳಗೆ ಹೋಗಿ. ಮಕ್ಕಳನ್ನ ಎತ್ಕೊಂಡೋರಿಗೆ ಸೀಟು ಬಿಡಿ." ಇರುವೆಗಳು ಒಂದೊಂದಾಗಿ ಕುಂಡದೊಳಗೆ ಸೇರಿಕೊಳ್ಳುವವರೆಗೆ ಕಾದರು. ಆಮೇಲೆ ಕುಂಡದ ಪಕ್ಕಕ್ಕೆ ಅಂಗೈಯಿಂದ ಎರಡು ಸಲ ತಟ್ಟಿದರು. "ರೈಟ್. ಹೋಗ್ಲಿ."

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ಗಂಡನೂ ನಕ್ಕ. ಅಪ್ಪನ ಮಾತಿಗೆ ಅವನು ನಕ್ಕು ಎಷ್ಟು ಕಾಲವಾಗಿತ್ತೋ. ಗಂಡ ಹೆಂಡತಿ ತಟ್ಟೆಯ ಎರಡು ಬದಿ ಹಿಡಿದು, ರಸ್ತೆ ದಾಟಿ, ಆಚೆಯ ಖಾಲಿ ಸೈಟಿನ ತುದಿಗೆ, ಗೋಡೆಯ ಪಕ್ಕ ಬಿಸಿಲು ಬೀಳುವ ಕಡೆ ಕುಂಡವನ್ನು ಇಳಿಸಿ ಬಂದರು. ಕುಂಡವನ್ನು ವಾಪಸು ತರಲಿಲ್ಲ. ಹೊಸ ಮನೆಗೆ ಹೋದವರ ಚಾವಣಿ ಕಿತ್ತುಕೊಳ್ಳುವುದು ಬೇಡ ಎಂದಳು ಜಿಪ್ಪಕ್ಕ.

"ಹಾಗಾದ್ರೆ ಸಿಮೆಂಟು?" ಎಂದ ಮೇಸ್ತ್ರಿ, ಬಂದ ಕೆಲಸ ಕೈತಪ್ಪಿತೆಂದು ಸಪ್ಪಗಾಗಿ.

"ಬಾ, ತೋರಿಸ್ತೀನಿ" ಎಂದು ಗಂಡ ಅವನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋದ. "ಇಲ್ಲಿ ಜಾರದ ಹಾಗೆ ಒರಟಾಗಿ ನೆಲ ಮಾಡು, ಬಸ್ ಸೀಟಿನವರೆಗೂ. ಇಲ್ಲಿ ಎರಡು ಕಂಬ ನಿಲ್ಸು, ನಡುವೆ ನಾನು ಪೈಪು ಕೂರಿಸ್ತೀನಿ. ಕೈ ಹಿಡ್ಕೊಳ್ಳೋಕೆ." ಜೇಬಿಗೆ ಕೈ ಹಾಕಿ ನಲ್ಲಿಯ ಹಿಡಿ ತೆಗೆದ. ಮೂರು ತಿಂಗಳಿಂದ ಅದು ಅವನ ಜೇಬಿನಲ್ಲೇ ಇತ್ತು.

ನೆಲ ಒಣಗಲು ನಾಲ್ಕು ದಿನ ಹಿಡಿಯಿತು. ಐದನೇ ದಿನ ಮಾವ ಕಂಬಿ ಹಿಡಿದುಕೊಂಡು ನಲ್ಲಿಯವರೆಗೆ ನಡೆದರು. ಮಗ ಒಂದು ಹೆಜ್ಜೆ ಹಿಂದೆ, ಎರಡೂ ಕೈ ಚಾಚಿಕೊಂಡು, ಮುಟ್ಟದೆ. ಮಾವ ತಾವೇ ನಲ್ಲಿ ತಿರುಗಿಸಿದರು, ತಾವೇ ಕ್ಯಾನಿಗೆ ನೀರು ಹಿಡಿದರು, ತಾವೇ ನಿಲ್ಲಿಸಿದರು. ಮೂರನೇ ಪಾತಿಗೆ, ಬಿಸಿನೀರಿಗೆ ಸತ್ತ ನಾಲ್ಕು ಗಿಡಗಳ ಜಾಗದಲ್ಲಿ ನೆಟ್ಟ ಹೊಸ ಸಸಿಗಳಿಂದ ಶುರುಮಾಡಿ, ಕೊನೆಯವರೆಗೂ ಹೊಯ್ದರು. ಆಮೇಲೆ ಸೀಟಿಗೆ ಬಂದು ಕಿಟಕಿ ಪಕ್ಕ ಕೂತರು.

ಜಿಪ್ಪಕ್ಕ ಧೈರ್ಯ ಮಾಡಿ ಅವತ್ತು ಟೀಯನ್ನು ಹಿತ್ತಲಿಗೇ ತಂದಳು. ಅಭ್ಯಾಸಬಲದಿಂದ ಹಳೆಯ ಲೆಕ್ಕದಲ್ಲೇ ಸಕ್ಕರೆ ಹಾಕಿದ್ದಳು. ಮಾವ ಎರಡು ಗುಟುಕು ಕುಡಿದರು. ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. ಮಾವ ಪಾತಿಯ ಕಡೆ ನೋಡಿದರು, ಒದ್ದೆ ಮಣ್ಣನ್ನು ನೋಡಿದರು. ಲೋಟವನ್ನು ಬಾಯಿಗೆತ್ತಿ ತಳದವರೆಗೂ ಕುಡಿದು ಅವಳ ಕೈಗೆ ಕೊಟ್ಟರು.

"ಇಷ್ಟೊಂದು ಸಕ್ಕರೆ ಹಾಕಬೇಡಮ್ಮ" ಎಂದರು. "ಇರುವೆ ಬರ್ತವೆ."